ಸುಜಾತಾಳ ನೆರಳು ಅಳೆದ ಬೇಸಿಗೆ

ಮೊನ್ನೆ ಶುಕ್ರವಾರ ಗಾರೆ ಕೆಲಸದ ಗೌಂಡಿ ಬಂದು ನಮ್ಮ ಅಂಗಳದ ಹಳೇ ಫರಸಿ ಕೀಳುತ್ತಿದ್ದ. ಶಹಾಬಾದಿನಲ್ಲಿ ಹಾಸುಗಲ್ಲಿಗೆ ನಾವು ಫರಸಿ ಅನ್ನುವುದು. ನನಗೆ ಒಂದು ಕಡೆ ಕೂಡಲು ಆಗುತ್ತಿರಲಿಲ್ಲ. ಅವನ ಹಿಂದೆ ಮುಂದೆ ತಿರುಗುತ್ತ, ಕೆಳದುಟಿಯ ಮೇಲಿನ ಹಕ್ಕಳೆಯನ್ನು ಉಗುರಿನಿಂದ ಕೆರೆಯುತ್ತ, ಅಲ್ಲಿ ಬಡಿಯಬೇಡ ಇಲ್ಲಿ ಬಡಿಯಬೇಡ ಎಂದು ತಲೆ ತಿನ್ನುತ್ತಿದ್ದೆ. ಅವನು ಒಂದು ಕಲ್ಲಿಗೆ ನೀರು ಸುರುವಿ ಕೊರೆಯುವ ಮಷೀನು ಹಚ್ಚಿದ. ತೊಯ್ದ ಕಲ್ಲಿನ ಹಿಟ್ಟಿನ ವಾಸನೆ ಎದ್ದಿತು. ಕಲ್ಲು ಪಾಲಿಶ್ ಮಾಡುವ ಅಡ್ಡೆಯಲ್ಲಿ ಇಪ್ಪತ್ತೆರಡು ವರ್ಷ ಅದೇ ವಾಸನೆಯನ್ನು ಉಂಡು ಉಟ್ಟು ಬಂದವಳು ನಾನು.

"ಆಯಿ, ಈ ಕಲ್ಲಿಗಿ ಎರಡು ಗೀರು ಬಿದ್ದಾವ ನೋಡ್ರಿ. ಒಡದು ಒಗೀಲೇನು?" ಅಂದ ಗೌಂಡಿ.

"ಮುಟ್ಟಿಗಿಟ್ಟೀ! ಅದು ಬಿದ್ದ ಗೀರಲ್ಲ, ಕೊರಸಿದ ಗೀರು."

ನಾಲ್ಕು ಫುಟು ಉದ್ದದ ಕಲ್ಲು ಅದು. ಈ ತುದಿಗೊಂದು ಗೆರೆ, ಆ ತುದಿಗೊಂದು ಗೆರೆ. ನಡುವೆ ಏನೂ ಇಲ್ಲ. ಹನ್ನೆರಡು ವರ್ಷದ ಹಿಂದೆ ಆ ನಡುವಿನ ಜಾಗದಲ್ಲಿ ನನ್ನ ಮಗಳ ಮಗಳು ಸುಜಾತಾ ಅಂಗಾತ ಮಲಗಿದ್ದಳು. ಆಗ ಅವಳಿಗೆ ಏಳು ವರ್ಷ.

ಸುಜಾತಾ ಹುಟ್ಟಿದಾಗಲೇ ಮೈ ಹಾಲಿನಂತೆ, ಕೂದಲು ಸೆಣಬಿನಂತೆ, ರೆಪ್ಪೆ ಸಹ ಬಿಳಿ. ನಮ್ಮ ಎರಡೂ ಮನೆತನದಲ್ಲಿ ಎಲ್ಲರೂ ಇದ್ದಿಲಿನ ಬಣ್ಣದವರು. ನೋಡಿದವರು ತಲೆಗೊಂದು ಮಾತಾಡಿದರು. ಗ್ರಹಣ ಅಂದರು, ಗಾಳಿ ಅಂದರು, ನನ್ನ ಮಗಳು ಶಾಂತಾಳ ಮೇಲೆ ಇಲ್ಲದ್ದನ್ನೂ ಅಂದರು. ಡಾಕ್ಟರು ಮಾತ್ರ, ಚರ್ಮದಲ್ಲಿ ಬಣ್ಣ ಮಾಡುವ ವಸ್ತು ಇಲ್ಲ, ಅಷ್ಟೇ, ಬಿಸಿಲು ತಾಗಿಸಬೇಡಿ ಎಂದು ಹೇಳಿ ಕಳಿಸಿದ್ದರು. ನಮ್ಮ ಸೀಮೆಯಲ್ಲಿ ಹುಟ್ಟಿ ಬಿಸಿಲು ತಾಗಿಸಬೇಡಿ ಅಂದರೆ ಏನು ಮಾಡುವುದು? ಶಾಂತಾಳ ಅತ್ತೆ ತನಗೆ ತಿಳಿದದ್ದನ್ನು ಮಾಡಿದಳು. ವಾಡಿಯ ರೈಲ್ವೆ ಕ್ವಾರ್ಟರ್ಸಿನ ಒಳಕೋಣೆಯಲ್ಲಿ ಕಿಟಕಿಗೆ ಕಂಬಳಿ ಬಿಗಿದು ಕೂಸನ್ನು ಒಳಗೇ ಇಟ್ಟಳು. ಕೆಟ್ಟವಳೆಂದು ನಾನು ಹೇಳುವುದಿಲ್ಲ. ಆ ಕೂಸು ವರ್ಷದ್ದಿದ್ದಾಗ ಅರ್ಧ ತಾಸಿನ ಬಿಸಿಲಿಗೆ ಬೆನ್ನ ತುಂಬ ಬೊಬ್ಬೆ ಎದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹೆದರಿದ್ದಳು.

ಆದರೆ ಏಳು ವರ್ಷವಾದರೂ ಶಾಲೆ ಇಲ್ಲ. ಹುಡುಗಿ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಓಡುತ್ತಾಳೆ, ಬಾಗಿಲು ಒದೆಯುತ್ತಾಳೆ, ಊಟದ ತಾಟು ಒಗೆಯುತ್ತಾಳೆ ಎಂದು ಶಾಂತಾ ಅಳುತ್ತ ಬಂದಳು. ನನಗೆ ಅಳುವವರನ್ನು ಕಂಡರೆ ಆಗುವುದಿಲ್ಲ. ಮರುದಿನವೇ ವಾಡಿಗೆ ಹೋಗಿ ಬೀಗತಿಯ ಎದುರಿಗೆ ಕುಳಿತೆ.

"ಬೀಗ್ರ, ಪೋರಿಗಿ ಸಾಲಿಗಿ ಹಾಕ್ರಿ."

"ಹಾಕಿ ಸುಡಲೇನು?"

"ಎರಡು ತಿಂಗಳು ನನ್ನ ಹಂತ್ಯಾಕ ಕೊಡ್ರಿ. ಸುಡಲಾರದಂಗ ಹೊರಗ ತಿರಗಾಡಸ್ತೀನಿ."

ಬೀಗತಿ ನಕ್ಕಳು. "ಬ್ಯಾಸಗಿ ಎರಡು ತಿಂಗಳು? ಶಾಬಾದದಾಗ? ಕೊಡ್ತೀನಿ. ಜೂನದಾಗ ನಾನೇ ಬಂದು ಮೈ ತಿರವಿ ನೋಡ್ತೀನಿ. ಹೊಸಾ ಸುಟ್ಟ ಕಲಿ ಇಲ್ಲಂದ್ರ ಸಾಲಿ. ಇತ್ತಂದ್ರ ಮತ್ತ ಆ ಮಾತು ಎತ್ತಬ್ಯಾಡ್ರಿ."

ಆಯಿತು ಅಂದೆ. ಬಾಯಿ ಮುಂದೆ ಮಾಡಿ ಅಂದುಬಿಟ್ಟೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಏಪ್ರಿಲ್ ಮೊದಲನೆಯ ವಾರ ಮುಂಜಾನೆಯ ಗಾಡಿಗೆ ಶಾಂತಾ ಅವಳನ್ನು ಹಾಸಿಗೆಯ ಚಾದರಿನಲ್ಲಿ ಸುತ್ತಿಕೊಂಡು ತಂದಳು. ಓಣಿಯ ಹೆಂಗಸೊಬ್ಬಳು ಕುತ್ತಿಗೆ ಉದ್ದ ಮಾಡಿ, "ಇದೇನವಾ, ಅಂಗ್ರೇಜಿ ಕೂಸು ಬಂತು?" ಅಂದಳು. "ಹೂಂನವಾ, ಲಂಡನ್ನಿಂದ ಪ್ಯಾಸೆಂಜರಿಗಿ ಬಂದದ, ಚಾ ತಂದುಕೊಡು" ಅಂದೆ. ಮತ್ತೆ ಯಾರೂ ಕೇಳಲಿಲ್ಲ.

ಕೂಸಿನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಏಳು ವರ್ಷದ ಓಟವನ್ನು ಒಂದೇ ವಾರದಲ್ಲಿ ಓಡಿ ಮುಗಿಸುವವಳ ಹಾಗೆ ಹೊಸ್ತಿಲು ದಾಟುವುದು, ನಾನು ಎಳೆದು ತರುವುದು, ಮತ್ತೆ ದಾಟುವುದು. ನನಗೆ ಅಡ್ಡೆಯ ಕೆಲಸ ಬಿಡುವಂತಿರಲಿಲ್ಲ. ಪಾಲಿಶ್ ಆದ ಕಲ್ಲು ತೊಳೆದು ಒರೆಸಿ ಹೊಂದಿಸುವುದು ನನ್ನ ಕೆಲಸ. ಹಾಗಾಗಿ ಅವಳನ್ನೂ ಕರೆದುಕೊಂಡು ಹೋದೆ. ಬಹಳ ಹುಷಾರಿಯಿಂದಲೇ ಕರೆದುಕೊಂಡು ಹೋದೆ. ಬಿಸಿಲಿಗೆ ತಂಪೆಂದು ಮೈಗೆಲ್ಲ ಕುಸುಬಿ ಎಣ್ಣೆ ತಿಕ್ಕಿದೆ. ನನ್ನ ಹಳೇ ಸೀರೆಯ ತುಂಡು ನೀರಲ್ಲಿ ಅದ್ದಿ ತಲೆಗೆ ಹೊದಿಸಿದೆ. ತಾಡಪತ್ರಿಯ ದಟ್ಟ ನೆರಳಲ್ಲಿ ಕೂಡಿಸಿದೆ. ನೆರಳಿನಿಂದ ಒಂದು ಕಾಲು ಹೊರಗೆ ಇಟ್ಟರೆ ಕಾಲು ಮುರಿಯುತ್ತೇನೆ ಅಂದೆ. ಪಾಪ, ಅವಳು ಇಡಲೂ ಇಲ್ಲ. ಎದುರಿಗೆ ಒರಗಿಸಿದ ಹೊಸ ಕಲ್ಲುಗಳ ಮೇಲೆ ನೀರು ಇಳಿಯುವುದನ್ನು ನೋಡುತ್ತ ಮಧ್ಯಾಹ್ನದ ತನಕ ಕುಳಿತಿದ್ದಳು.

ಸಂಜೆಗೆ ಗದ್ದ ಕೆಂಪಾಯಿತು. ಮರುದಿನ ಗದ್ದದ ಕೆಳಗೆ, ಮೂಗಿನ ಕೆಳಗೆ, ತೋಳಿನ ಒಳಭಾಗದಲ್ಲಿ ಬೊಬ್ಬೆ. ರಾತ್ರಿಯೆಲ್ಲ ಅವಳೂ ಮಲಗಲಿಲ್ಲ, ನನ್ನನ್ನೂ ಮಲಗಿಸಲಿಲ್ಲ. ನೆರಳಲ್ಲಿ ಕುಳಿತ ಕೂಸು ಸುಟ್ಟದ್ದು ಹೇಗೆ? ನನಗೂ ಒಂದು ಕ್ಷಣ ಗ್ರಹಣ ಗಾಳಿ ಎಲ್ಲ ತಲೆಯಲ್ಲಿ ಬಂದು ಹೋಯಿತು. ಸುಳ್ಳು ಯಾಕೆ ಹೇಳಲಿ.

ಅಡ್ಡೆಯಲ್ಲಿ ಪಾಲಿಶ್ ಮಷೀನು ಹಿಡಿಯುವ ಖಾಸಿಂ ಭಾಯಿ ಕೂಸಿನ ಮುಖ ನೋಡಿ ನನ್ನನ್ನೇ ಬೈದ.

"ಅಕ್ಕಾ, ಅಕಲ್ ಅದ ಇಲ್ಲೋ? ಎಲ್ಲಿ ಸುಟ್ಟದ ನೋಡು. ಹಣಿ ಚಂದ ಅದ. ಗದ್ದದ ಬುಡಕ ಸುಟ್ಟದ. ಬಿಸಿಲು ಮ್ಯಾಲಿಂದ ಬಂದಿದ್ರ ಹಣಿ ಸುಡ್ತಿತ್ತು. ಇಲ್ಲಿ ಬಿಸಿಲು ಕೆಳಗಿಂದ ಏಳ್ತದ."

ತನ್ನ ಗಡ್ಡ ಎತ್ತಿ ಕುತ್ತಿಗೆ ತೋರಿಸಿದ. ಹಣೆಗಿಂತ ಅಲ್ಲೇ ಹೆಚ್ಚು ಕಪ್ಪು. "ಮೂವತ್ತು ವರ್ಷ ಕಲ್ಲಿನ ಎದುರಿಗಿ ನಿಂತೀನಿ. ನಿನಗ ಕಾಣಲಿಲ್ಲ?"

ಆಮೇಲೆ ಸುತ್ತ ನೋಡಿದೆ. ಅಡ್ಡೆಯ ನೆಲವೆಲ್ಲ ಒಣಗಿದ ಕಲ್ಲಿನ ಹಿಟ್ಟು, ಸುಣ್ಣ ಬಳಿದಂತೆ ಬೆಳ್ಳಗೆ. ತೊಳೆದು ನಿಲ್ಲಿಸಿದ ಕಲ್ಲುಗಳು ಕನ್ನಡಿಯ ಹಾಗೆ ಹೊಳೆಯುತ್ತಿವೆ. ಬಿಸಿಲು ಅವುಗಳ ಮೇಲೆ ಬಿದ್ದು ಪುಟಿದು ನೇರ ತಾಡಪತ್ರಿಯ ಕೆಳಗೆ ಬರುತ್ತಿದೆ. ದಿನಾ ನಾನೇ ಕಣ್ಣು ಕಿರಿದು ಮಾಡಿಕೊಂಡು ಕೆಲಸ ಮಾಡುವ ಜಾಗ ಅದು. ಕೂಸನ್ನು ಒಲೆಯ ಬಾಯಿಗೆ ಮುಖ ಮಾಡಿ ಕೂಡಿಸಿ, ನೆರಳಲ್ಲಿ ಇಟ್ಟಿದ್ದೇನೆ ಅಂದುಕೊಂಡಿದ್ದೆ.

ಕಲಬುರಗಿಯ ದವಾಖಾನೆಗೆ ಹೋದೆವು. ಚರ್ಮದ ಡಾಕ್ಟರು ಒಬ್ಬ ಹೆಣ್ಣುಮಗಳು, ನನ್ನ ಶಾಂತಾಳ ವಯಸ್ಸಿನವಳು. ಬೊಬ್ಬೆಗೆ ಔಷಧ ಬರೆದಳು, ಆಮೇಲೆ ನನ್ನ ಒಂದೊಂದೇ ಹುಷಾರಿಯನ್ನು ಬಿಚ್ಚಿ ಬಿಸಾಕಿದಳು.

"ಎಣ್ಣಿ ಬಿಸಿಲು ತಡಿಯಂಗಿಲ್ಲ, ಆಯಿ. ಒದ್ದಿ ಅರಿವಿ ತಂಪು ಖರೇ, ಆದ್ರ ತೊಯ್ದ ತೆಳು ಅರಿವಿಯಾಗಿಂದ ಬಿಸಿಲು ಇನ್ನಾ ಸಲೀಸ್ ಒಳಗ ಹೋಗ್ತದ. ಅರಿವಿ ಬೆಳಕಿಗಿ ಹಿಡದು ನೋಡ್ರಿ. ಆ ಕಡಿದು ಈ ಕಡಿ ಕಂಡ್ರ ಅದು ಕೆಲಸಕ್ಕಿಲ್ಲ."

ಬಿಸಿಲಿಗೆ ಹಚ್ಚುವ ಮುಲಾಮು ಕೊಟ್ಟು ಹಚ್ಚುವುದನ್ನು ತೋರಿಸಿದಳು. ಎರಡು ಬೆರಳಿನ ಉದ್ದಕ್ಕೂ ಹಿಂಡಿಕೊಂಡು ಮುಖಕ್ಕೆ, ಕುತ್ತಿಗೆಗೆ. ಕಿವಿ ಮರೆಯಬಾರದು, ಪಾದದ ಮೇಲ್ಭಾಗ ಮರೆಯಬಾರದು, ತುಟಿಗೆ ಬೇರೆಯದು. ಹೊರಗೆ ಹೋಗುವ ಮೊದಲೇ ಹಚ್ಚಿ, ಎರಡು ತಾಸಿಗೊಮ್ಮೆ, ಬೆವರಿ ಒರೆಸಿಕೊಂಡರೆ ಆಗಲೇ ಇನ್ನೊಮ್ಮೆ. ಹತ್ತರಿಂದ ನಾಲ್ಕರ ತನಕ ಬಯಲಿಗೆ ಬೇಡ. ಮೋಡ ಕಂಡು ಮೋಸ ಹೋಗಬೇಡಿ. ನಾನು ತಲೆ ಆಡಿಸಿದೆ. ಮೂರನೇ ಇಯತ್ತೆ ಕಲಿತ ತಲೆ, ಎಷ್ಟು ಹಿಡಿಯುತ್ತದೆ? ಗಡಿಯಾರ ನೋಡಲು ಕೂಸಿಗೆ ಬರುತ್ತಿರಲಿಲ್ಲ. ಅದನ್ನು ಹೇಳಿದಾಗ ಡಾಕ್ಟರು ಇನ್ನೊಂದು ದಾರಿ ಹೇಳಿದಳು.

"ಗಡಿಯಾರ ಬ್ಯಾಡ. ನೆರಳು ನೋಡ್ರಿ. ನೆರಳು ತನ್ನಕಿಂತ ಕುಳ್ಳ ಆಯ್ತಂದ್ರ ಒಳಗ. ತನ್ನಕಿಂತ ಉದ್ದ ಆಯ್ತಂದ್ರ ಹೊರಗ." ಹೊರಡುವಾಗ ನನ್ನ ಕಡೆ ತಿರುಗಿ, "ನೀವೂ ಹಚ್ಕೋಬೇಕು. ಮನ್ಯಾಗ ಎಲ್ಲಾರೂ" ಅಂದಳು.

"ನನ್ನದು ಎಮ್ಮಿ ತೊಗಲವಾ, ಏನಾಗ್ತದ?"

"ಎಮ್ಮಿನೂ ಮಧ್ಯಾಹ್ನ ಕೆರಿಯಾಗ ಕುಂದರ್ತದ, ಆಯಿ."

ಬಾಯಿಗೆ ಬಾಯಿ ಕೊಡುವ ಹುಡುಗಿ ಎಂದು ನಗುತ್ತ ಬಂದೆ. ಅವಳು ನಕ್ಕಿರಲಿಲ್ಲ.

ಮರುದಿನ ಖಾಸಿಂ ಭಾಯಿ ಉಳಿ ಸುತ್ತಿಗೆ ಹಿಡಿದು ಮನೆಗೆ ಬಂದ. ಸುಜಾತಾಳನ್ನು ಅಂಗಳದ ಕಲ್ಲಿನ ಮೇಲೆ ಅಂಗಾತ ಮಲಗಿಸಿದೆವು. ಹಿಮ್ಮಡಿಗೆ ಸರಿಯಾಗಿ ಒಂದು ಗೆರೆ ಕೊರೆದ, ನೆತ್ತಿಗೆ ಸರಿಯಾಗಿ ಇನ್ನೊಂದು. "ಅಲುಗಬ್ಯಾಡ, ಬೇಟಿ, ಕಿವಿ ಹಾರ್ತದ" ಅಂದದ್ದಕ್ಕೆ ಅವಳು ಉಸಿರು ಬಿಗಿಹಿಡಿದು ಮಲಗಿದ್ದಳು. ನಮ್ಮ ಅಂಗಳ ಮೂಡಣಕ್ಕೆ ಮುಖ, ಕಲ್ಲೂ ಮೂಡಣ ಪಡುವಣ ಉದ್ದಕ್ಕೇ ಹಾಸಿದ್ದು. ಮುಂಜಾನೆ ಆ ತುದಿಯ ಗೆರೆಯ ಮೇಲೆ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬೇಕು. ನೆರಳಿನ ತಲೆ ಈ ತುದಿಯ ಗೆರೆ ಮುಟ್ಟುತ್ತಿದ್ದರೆ ಆಟ. ಮುಟ್ಟಲಿಲ್ಲ ಅಂದರೆ ಒಳಗೆ. ಸಂಜೆ ಈ ತುದಿಗೆ ನಿಂತು ಆ ಕಡೆ ನೋಡುವುದು. ಆಟಕ್ಕೂ ಮುಲಾಮು, ಉದ್ದ ತೋಳಿನ ಅಂಗಿ, ಟೊಪ್ಪಿಗೆ ಬಿಡುವಂತಿಲ್ಲ.

ಟೊಪ್ಪಿಗೆ ನಾನೇ ಹೊಲಿದೆ. ಅಂಗಡಿಯದಕ್ಕೆ ಅಂಚು ಸಣ್ಣದು. ಕೌದಿ ಹೊಲಿಯುವ ಹಾಗೆ ಆರು ಪದರು ಅರಿವೆ ಹಾಕಿ, ಒತ್ತೊತ್ತಿಗೆ ದಾರ ಹಾಕಿ, ಗೇಣು ಅಗಲದ ಅಂಚು ಬಿಟ್ಟೆ. ಅಂಚಿನ ಕೆಳಮೈಗೆ ಕಪ್ಪು ಅರಿವೆ ಹಚ್ಚಿದೆ. ಕೆಳಗಿನಿಂದ ಪುಟಿದದ್ದು ಮತ್ತೆ ಮುಖಕ್ಕೆ ಬರಬಾರದಲ್ಲ. ಕಣ್ಣಿಗೆ ಕಪ್ಪು ಚಷ್ಮಾ. ದಪ್ಪ ಖಾದಿಯ ಉದ್ದ ತೋಳಿನ ಅಂಗಿ. ಅಡ್ಡೆಯಲ್ಲಿ ಅವಳ ಜಾಗ ಬದಲಾಯಿಸಿದೆ. ಕಲ್ಲಿಗೆ ಬೆನ್ನು, ಬೇವಿನ ಮರದ ಬುಡಕ್ಕೆ ಮುಖ, ಅದೂ ಮುಂಜಾನೆಯ ಹೊತ್ತು ಮಾತ್ರ. ನಾನು ಎಂಟೂವರೆಗೆ ಅವಳನ್ನು ಮನೆಗೆ ಬಿಟ್ಟು ಬರುತ್ತಿದ್ದೆ. ಅಲ್ಲಿ ಖಾಸಿಂ ಭಾಯಿಯ ಹೆಂಡತಿ ಅವಳ ಜೊತೆಗೆ ಇರುತ್ತಿದ್ದಳು.

ಇಷ್ಟೆಲ್ಲ ಬರೆದರೆ ಸಲೀಸಾಗಿ ನಡೆಯಿತು ಅನ್ನಿಸಬಹುದು. ಇಲ್ಲ. ಮೇ ತಿಂಗಳ ಮಧ್ಯಾಹ್ನಗಳು ನಮ್ಮಿಬ್ಬರನ್ನೂ ಅರೆದವು. ಕೆಲಸವಿಲ್ಲದ ದಿನ ನಾನೂ ಅವಳೊಂದಿಗೆ ಒಳಗೆ. ಅವಳು ಹೊಸ್ತಿಲಿಗೆ ಹೋಗಿ ಕಲ್ಲು ನೋಡಿ ಬರುವುದು, ನಾನು ಬೈಯುವುದು. ನಾನು ಗದ್ದ ಹಿಡಿದೆತ್ತಿ ಹಳೇ ಕಲೆ ಎಷ್ಟು ಮಾಸಿದೆ ಎಂದು ನೋಡುವುದು, ಅವಳು ಕೈ ಝಾಡಿಸುವುದು. ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ಜೂನಿಗೆ ಎಷ್ಟು ದಿನ ಎಂದು ಬೆರಳು ಎಣಿಸುತ್ತಿದ್ದೆ. ವಾಡಿ ಕಡೆಯ ಗಾಡಿ ಕೂಗಿದರೆ ಬೀಗತಿಯೇ ಇಳಿದಳೇನೋ ಎಂದು ಎದ್ದು ನಿಲ್ಲುತ್ತಿದ್ದೆ.

ಒಂದು ದಿನ ಎರಡು ಗಂಟೆಯ ಸುಮಾರಿಗೆ ಐಸ್‌ಕ್ಯಾಂಡಿಯವನ ಗಂಟೆ ಕೇಳಿತು. ಮಂಪರಿನಲ್ಲಿದ್ದ ನಾನು ಕಣ್ಣು ಬಿಡುವಷ್ಟರಲ್ಲಿ ಕೂಸು ಇಲ್ಲ. ಹಾರಿ ಬಿದ್ದು ಓಡಿದೆ. ಓಣಿಯ ತುದಿಯಲ್ಲಿ ಹಿಡಿದೆ. ಬೆನ್ನಿಗೆ ಗುದ್ದಲು ಕೈ ಎತ್ತಿದವಳು ಹಾಗೇ ನಿಂತೆ. ತಲೆಯ ಮೇಲೆ ಟೊಪ್ಪಿಗೆ ಇತ್ತು, ಕಣ್ಣಿಗೆ ಚಷ್ಮಾ ಇತ್ತು, ಅಂಗಿಯ ತೋಳು ಮಣಿಕಟ್ಟಿನ ತನಕ ಇಳಿದಿತ್ತು, ಕಾಲಲ್ಲಿ ಬೂಟು.

"ಮುಲಾಮು ಹಚ್ಚೀನಿ, ಆಯಿ. ಕಿವಿಗೂ ಹಚ್ಚೀನಿ. ನಿನ್ನ ಚಪ್ಪಲ್ ಎಲ್ಲವ?"

ಬರಿಗಾಲಲ್ಲಿ ಓಡಿ ಬಂದಿದ್ದೆ. ಆಗ ಉರಿ ತಿಳಿಯಿತು. ಎರಡು ದಿನ ಅಂಗಾಲಿಗೆ ಬೊಬ್ಬೆ ಕಟ್ಟಿಕೊಂಡು ಕುಂಟಿದೆ. ಅವಳಿಗೆ ಏನೂ ಆಗಲಿಲ್ಲ. ಆದರೂ ಬೈದೆ, ಎಲ್ಲ ಹಾಕಿಕೊಂಡರೂ ಮಧ್ಯಾಹ್ನ ಮಧ್ಯಾಹ್ನವೇ.

ಜೂನ್ ಬಂತು. ಬೀಗತಿ ಬಂದ ದಿನ ಮೊದಲನೆಯ ಮೋಡ ಕವಿದಿತ್ತು. ಎರಡು ತಿಂಗಳ ಮೇಲೆ ಕಣ್ಣಿಗೆ ತಂಪು. ಚಾ ಸಹ ಕುಡಿಯದೆ ಕೂಸನ್ನು ಬೆಳಕಿಗೆ ನಿಲ್ಲಿಸಿ, ಬೆನ್ನು, ತೋಳು, ಕಿವಿಯ ಹಿಂದೆ, ಕಲ್ಲು ಖರೀದಿಗೆ ಬಂದವರು ಸೀಳು ಹುಡುಕುವ ಹಾಗೆ ಹುಡುಕಿದಳು. ಗದ್ದದ ಕೆಳಗೆ ಬೆರಳಿಟ್ಟಳು.

"ಇದೇನ್ರಿ?"

"ಸುಟ್ಟದ್ದು. ಏಪ್ರಿಲದಾಗ. ನನ್ನ ತಪ್ಪಿಲೆ." ಮುಚ್ಚಿಡಬಹುದಿತ್ತು. ಮುಚ್ಚಿಡಲು ನನಗೆ ಬರುವುದಿಲ್ಲ.

ಬೀಗತಿ ಆಕಾಶ ನೋಡಿ, ಕೂಸಿನ ತಲೆ ಸವರಿ, "ಹೋಗಲಿ ಬಿಡ್ರಿ. ಇವತ್ತ ಮೋಡ ಅದ, ಬಿಸಿಲಿಲ್ಲ. ಆ ಟೊಪ್ಪಗಿ ಗಿಪ್ಪಗಿ ತಗದು ಒಗದು ಹೊರಗ ಆಡ್ಲಿ. ಹೋಗವಾ" ಅಂದಳು. ಅದು ಕೊನೆಯ ಆಟ, ಆಮೇಲೆ ಮತ್ತೆ ಆ ಕೋಣೆ ಎಂಬಂತೆ ಇತ್ತು ದನಿ. ಮೋಡದ ಮಾತು ಡಾಕ್ಟರು ಹೇಳಿದ್ದು ನನಗೆ ಆ ಹೊತ್ತಿಗೆ ನೆನಪೇ ಇಲ್ಲ. ನಾನೂ "ಹೋಗು" ಅಂದೆ.

ಸುಜಾತಾ ಅಂಗಳಕ್ಕೆ ಹೋಗಿ ಗೆರೆಯ ಮೇಲೆ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ತಿರುಗಿ ಬಂದಳು.

"ಯಾಕ ಬಂದಿ?" ಅಂದಳು ಬೀಗತಿ.

"ನನ್ನ ನೆರಳೇ ಇಲ್ಲ, ವಾಡಿ ಆಯಿ. ಉದ್ದ ಅದನೋ ಕುಳ್ಳ ಅದನೋ ಹೆಂಗ ಗೊತ್ತಾಗಬೇಕು? ಗೊತ್ತಾಗಲಿಲ್ಲಂದ್ರ ಎಲ್ಲಾ ಹಾಕ್ಕೊಂಡೇ ಹೋಗಬೇಕು. ಮೋಡ ಮೋಸ ಮಾಡ್ತದಂತ, ಡಾಕ್ಟರ್ ಹೇಳ್ಯಾರ."

ಗೂಡಿನಿಂದ ಮುಲಾಮು ತೆಗೆದಳು. ನಾಲಿಗೆ ಹೊರಗೆ ಹಾಕಿಕೊಂಡು ಎರಡು ಬೆರಳಿನ ಉದ್ದಕ್ಕೂ ಹಿಂಡಿದಳು. ಮುಖ, ಕುತ್ತಿಗೆ, ಕಿವಿ, ಗದ್ದದ ಕೆಳಗೆ ಎರಡು ಸಲ. ಪಾದ. ಟೊಪ್ಪಿಗೆ. ಚಷ್ಮಾ. ನಮ್ಮಿಬ್ಬರ ಕಡೆ ನೋಡದೆ ಹೊರಗೆ ಹೋದಳು.

ಬೀಗತಿ ಎದ್ದು ಬಾಗಿಲಿಗೆ ಹೋಗಿ ಅಂಗಳ ನೋಡಿದಳು. ಆಮೇಲೆ, "ಚಾ ಇಡ್ರಿ" ಅಂದಳು. ಚಾ ಕುಡಿದ ಮೇಲೆ, "ಇಷ್ಟು ವರ್ಷ ನಾ ಕಾದೀನಿ ಅಂದಿದ್ದೆ. ಇಕಿ ಸ್ವತಃ ಕಾಯ್ಕೋತಾಳ. ಸಾಲಿಗಿ ಹೆಸರು ಹಚ್ಚಸ್ತೀನಿ" ಅಂದಳು. ಅಷ್ಟೇ. ಹೊರಡುವಾಗ ಟೊಪ್ಪಿಗೆ ಇನ್ನೊಂದು ಹೊಲಿದುಕೊಡಿ, ಒಂದನ್ನು ಒಗೆದಾಗ ಬೇಕು ಅಂದಳು. ಶಾಲೆಯಲ್ಲಿ ಪ್ರಾರ್ಥನೆಗೆ ಪಡಸಾಲೆಯಲ್ಲಿ ನಿಲ್ಲಿಸಲು, ಇಂಥ ಕೂಸುಗಳಿಗೆ ಕಣ್ಣೂ ಮಂದವಾದ್ದರಿಂದ ಮುಂದಿನ ಬೆಂಚು ಕೊಡಲು ಮಾಸ್ತರರ ಹತ್ತಿರ ಜಗಳಾಡಿದವಳೂ ಅವಳೇ.

ಅದು ಆ ವರ್ಷದ ಕತೆ. ಸುಜಾತಾಳಿಗೆ ಈಗ ಹತ್ತೊಂಬತ್ತು, ಕಲಬುರಗಿಯಲ್ಲಿ ಕಾಲೇಜು. ಮೊನ್ನೆ ಗೌಂಡಿ ಕಲ್ಲು ಕೀಳುತ್ತಿದ್ದಾಗಲೇ ಅಗಲ ಟೊಪ್ಪಿಗೆ ಹಾಕಿಕೊಂಡು ಬಂದಿಳಿದಳು. ಹತ್ತಿರ ಬರುತ್ತಿದ್ದಂತೆ ಆ ಮುಲಾಮಿನ ವಾಸನೆ. ಬ್ಯಾಗು ಇಡಲಿಲ್ಲ, ನನ್ನ ಕೈಯನ್ನು ಬಾಯಿಂದ ಕಿತ್ತು, ಗದ್ದ ಹಿಡಿದೆತ್ತಿದಳು. ನಾನು ಅವಳದನ್ನು ಎತ್ತುತ್ತಿದ್ದ ಹಾಗೆಯೇ.

"ತುಟಿಗಿ ಏನಾಗ್ಯಾದ?"

"ಒಡದದ. ಉಷ್ಣ."

"ಯಾವಾಗಿಂದ?"

"ದೀಪಾವಳಿ..."

"ದೀಪಾವಳಿಂದ ಈಗ ಮಾರ್ಚ್, ಆಯಿ! ಐದು ತಿಂಗಳು ಮಾಯಲಾರದ್ದು ಉಷ್ಣ ಏನು? ರಕ್ತ ಬರ್ತದ?"

"ಕೆರದ್ರ ಬರ್ತದ."

"ಇಪ್ಪತ್ತೆರಡು ವರ್ಷ ಆ ಕಲ್ಲಿನ ಎದುರಿಗಿ ನಿಂತಿ. ನನಗ ಟೊಪ್ಪಗಿ ಹೊಲದಿ. ನಿನಗ?"

"ನಮ್ಮದು ಕರಿ..."

"ಎಮ್ಮಿ ತೊಗಲು. ಗೊತ್ತದ. ಎಮ್ಮಿ ಎಲ್ಲಿ ಕುಂದರ್ತದ ಮಧ್ಯಾಹ್ನ?"

ಹೊತ್ತು ಹನ್ನೆರಡಾಗಿತ್ತು. ತಲೆಗೆ ಸೆರಗೂ ಇಲ್ಲದೆ ಮುಂಜಾನೆಯಿಂದ ಗೌಂಡಿಯ ಹಿಂದೆ ನಿಂತಿದ್ದೆ. ನನ್ನ ನೆರಳು ಪಾದದ ಕೆಳಗೆ ಒಂದು ಬೊಗಸೆಯಷ್ಟು ಬಿದ್ದಿತ್ತು.

ಸೋಮವಾರ ದವಾಖಾನೆ ಎಂದು ಅವಳೇ ಗೊತ್ತು ಮಾಡಿದ್ದಾಳೆ. ತುಟಿಯಿಂದ ಸಣ್ಣ ತುಂಡು ತೆಗೆದು ನೋಡಬಹುದಂತೆ. ಏನೂ ಇರಲಿಕ್ಕಿಲ್ಲ, ಇದ್ದರೂ ಬೇಗ ಕಂಡರೆ ಒಳ್ಳೆಯದು ಅನ್ನುತ್ತಾಳೆ. ಇವತ್ತು ಭಾನುವಾರ. ಕೂತರೆ ಕೂಡಲು ಆಗುತ್ತಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೈ ತುಟಿಗೆ ಹೋದರೆ ಅವಳು ಒಳಗಿನಿಂದಲೇ "ಕೈ!" ಅನ್ನುತ್ತಾಳೆ.

ಆ ಕಲ್ಲು ಉಳಿಯಿತು. ಆದರೆ ನಾಲ್ಕು ಫುಟು ನನಗೆ ಸಾಲುವುದಿಲ್ಲ. ನಿನ್ನೆ ಬಿಸಿಲು ಇಳಿದು ಕಲ್ಲು ಆರಿದ ಮೇಲೆ ಸುಜಾತಾ ಗೌಂಡಿಗೆ ಹೇಳಿ ಅದಕ್ಕೆ ಇನ್ನೊಂದು ಕಲ್ಲು ಜೋಡಿಸಿದಳು. ನನ್ನನ್ನು ಅದರ ಮೇಲೆ ಅಂಗಾತ ಮಲಗಿಸಿದಳು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ನಿಲ್ಲಲಿ. ನನ್ನ ಹಿಮ್ಮಡಿ ಅವಳ ಹಳೇ ಗೆರೆಗೆ ತಾಗಿತ್ತು. ಗೌಂಡಿ ನೆತ್ತಿಯ ಹತ್ತಿರ ಉಳಿ ಇಟ್ಟ.

"ಅಲುಗಬ್ಯಾಡ, ಆಯಿ," ಅಂದಳು ಅವಳು, "ಕಿವಿ ಹಾರ್ತದ."

ಅಲುಗಲಿಲ್ಲ.